ಆಟಕ್ಕೆ ಬನ್ನಿ, ಊಟಕ್ಕೆ ಒಳಗೆ ಬರಬೇಡಿ: ವಲಸಿಗ ಗಾಲ್ಫರ್ ವಿಲ್ಲಿ ಆಂಡರ್ಸನ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೆಟ್ರೋದಲ್ಲಿ ನಿಂತುಕೊಂಡೇ ಓದುವವರಿಗೆ ಅಂತ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋಗಿದ್ದ ಕೆಲವು ಇಸವಿ, ಅಂಕಿಗಳನ್ನೂ ಸೇರಿಸಿದ್ದೀನಿ.

ಮೊದಲು ಒಂದು ಕ್ವಿಜ್ ಪ್ರಶ್ನೆ. ಅಮೆರಿಕದ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ಶುರುವಾಗಿದ್ದು 1895ರಲ್ಲಿ. ಅದನ್ನು ನಾಲ್ಕು ಸಲ ಗೆದ್ದವರು ಇರೋದು ನಾಲ್ಕೇ ಜನ. ಬಾಬಿ ಜೋನ್ಸ್, ಬೆನ್ ಹೋಗನ್, ಜ್ಯಾಕ್ ನಿಕ್ಲಾಸ್, ಈ ಮೂರು ಹೆಸರು ಗಾಲ್ಫ್ ಗೊತ್ತಿರೋ ಯಾರಾದರೂ ಹೇಳ್ತಾರೆ. ನಾಲ್ಕನೆಯವರು ಯಾರು? ಟೈಗರ್ ವುಡ್ಸ್ ಅಲ್ಲ, ಅವರು ಗೆದ್ದಿದ್ದು ಮೂರು. ನಾಲ್ಕನೆಯ ಹೆಸರು ವಿಲ್ಲಿ ಆಂಡರ್ಸನ್. ಅಷ್ಟೇ ಅಲ್ಲ, ಸತತ ಮೂರು ವರ್ಷ ಈ ಪ್ರಶಸ್ತಿ ಗೆದ್ದ ಗಂಡಸು ಇವತ್ತಿಗೂ ಅವನೊಬ್ಬನೇ. 16ನೇ ವಯಸ್ಸಿಗೆ ಊರು ಬಿಟ್ಟು ಹಡಗು ಹತ್ತಿದ ಹುಡುಗ, 31ಕ್ಕೇ ತೀರಿಕೊಂಡ. ಮಧ್ಯದ ಆ ಹದಿನಾಲ್ಕು ವರ್ಷದ ಕಥೆ ಹೇಳ್ತೀನಿ.

ನಾನು ಕೋಡ್ ಬರೆಯೋನು, ಗಾಲ್ಫ್ ಆಡೋನಲ್ಲ. ಈ ಕಥೆಯಲ್ಲಿ ನನ್ನನ್ನು ಹಿಡಿದದ್ದು ಅವನ ಆಟಕ್ಕಿಂತ ಅವನ ಕೆಲಸ. ಕೈಯಲ್ಲಿ ಒಂದು ಕಸುಬು ಇದೆ, ದೂರದ ಊರಿಗೆ ಆ ಕಸುಬು ಬೇಕೇ ಬೇಕು, ಕರೀತಾರೆ, ದುಡ್ಡೂ ಕೊಡ್ತಾರೆ. ಆದರೆ ಬೇಕಾಗಿರೋದು ಕಸುಬು ಮಾತ್ರವಾ, ಅಥವಾ ಕಸುಬಿನ ಜೊತೆ ಬಂದ ಮನುಷ್ಯನೂ ಬೇಕಾ? ಈ ಪ್ರಶ್ನೆ ಊರು ಬಿಟ್ಟು ದುಡಿಯೋ ಎಲ್ಲರದ್ದೂ ಹೌದು.

ಗಾಲ್ಫೇ ಕೂಲಿಯಾಗಿದ್ದ ಊರು

ವಿಲ್ಲಿ ಆಂಡರ್ಸನ್ ಹುಟ್ಟಿದ್ದು 1879ರ ಅಕ್ಟೋಬರ್‌ನಲ್ಲಿ, ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್‌ನಲ್ಲಿ. ಎಡಿನ್‌ಬರೋದಿಂದ ಪೂರ್ವಕ್ಕೆ, ಸಮುದ್ರದ ದಂಡೆಯ ಸಣ್ಣ ಊರು. ಬೇಸಿಗೆ ಬಂದರೆ ದೊಡ್ಡ ಮನುಷ್ಯರೆಲ್ಲ ರೈಲಿನಲ್ಲಿ ಬಂದು ಅಲ್ಲಿ ಗಾಲ್ಫ್ ಆಡ್ತಾ ಇದ್ದರು. ಊರಿನವರಿಗೆ ಅದೇ ಜೀವನ. ಒಬ್ಬ ಹುಲ್ಲು ನೋಡಿಕೊಳ್ಳಬೇಕು, ಒಬ್ಬ ಚೀಲ ಹೊರಬೇಕು, ಒಬ್ಬ ಕ್ಲಬ್ ತಯಾರು ಮಾಡಬೇಕು. ಅಂದಹಾಗೆ, ಗಾಲ್ಫ್‌ನಲ್ಲಿ ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಅಂತಾರೆ, ಆಡುವವರ ಸಂಘಕ್ಕೂ ಕ್ಲಬ್ ಅಂತಾರೆ. ಗೊಂದಲ ಬೇಡ ಅಂತ ಇನ್ನು ಮುಂದೆ ಕೋಲಿಗೆ ಕೋಲು ಅಂತಲೇ ಹೇಳ್ತೀನಿ.

ವಿಲ್ಲಿಯ ಅಪ್ಪ ಟಾಮ್ ಅಲ್ಲಿನ ವೆಸ್ಟ್ ಲಿಂಕ್ಸ್ ಮೈದಾನದ ಮುಖ್ಯ ಗ್ರೀನ್‌ಕೀಪರ್. ಅಂದರೆ ಹುಲ್ಲು, ಮರಳು, ಗುಳಿ ಎಲ್ಲ ಅವನ ಜವಾಬ್ದಾರಿ. ಮಗ ಹುಡುಗನಾಗಿದ್ದಾಗಲೇ ಕ್ಯಾಡಿಯಾಗಿ ಆಡುವವರ ಕೋಲುಗಳನ್ನು ಹೊತ್ತ, ಆಮೇಲೆ ಕೋಲು ಮಾಡುವ ಕೆಲಸ ಕಲಿತ. ಮರ ಕೆತ್ತಿ ತಲೆ ಮಾಡೋದು, ಹಿಡಿಗೆ ತೊಗಲು ಸುತ್ತೋದು, ಮುರಿದದ್ದನ್ನು ರಿಪೇರಿ ಮಾಡೋದು. ಆಟ ಕಲಿತದ್ದು ಇದರ ಮಧ್ಯೆಯೇ. ಯಾವ ಅಕಾಡೆಮಿಯೂ ಇಲ್ಲ, ಕೋಚೂ ಇಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥ ಆಗಲ್ಲ. ಇವತ್ತು ‘ಪ್ರೊಫೆಷನಲ್’ ಅಂದರೆ ನಮಗೆ ಹೊಗಳಿಕೆ. ಆಗ ಹಾಗಿರಲಿಲ್ಲ. ದುಡ್ಡಿಗಾಗಿ ಆಡದೆ ಖುಷಿಗೆ ಆಡುವವನು ಅಮೆಚೂರ್, ಅವನೇ ಜಂಟಲ್‌ಮನ್. ಆಟದಿಂದ ಹೊಟ್ಟೆ ಹೊರೆಯುವವನು ಪ್ರೊಫೆಷನಲ್, ಅಂದರೆ ಆಳು. ಕ್ರಿಕೆಟ್ ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತೆ. ಇಂಗ್ಲೆಂಡಿನಲ್ಲಿ ‘ಜಂಟಲ್‌ಮೆನ್’ ಮತ್ತು ‘ಪ್ಲೇಯರ್ಸ್’ ಅಂತ ಎರಡು ತಂಡ ಮಾಡಿ ಆಡಿಸ್ತಾ ಇದ್ದರಲ್ಲ, 1962ರವರೆಗೂ ನಡೀತು ಅದು. ಅದೇ ಲೆಕ್ಕ ಗಾಲ್ಫ್‌ನಲ್ಲೂ. ಎಷ್ಟೇ ಚೆನ್ನಾಗಿ ಆಡಿದರೂ ಪ್ರೊಗೆ ಕ್ಲಬ್‌ಹೌಸಿನ ಮುಂಬಾಗಿಲು ಇಲ್ಲ.

ಅಮೆರಿಕದಲ್ಲಿ ಯಾಕೆ ಕೆಲಸ ಇತ್ತು?

ಗಾಲ್ಫ್ ಅಮೆರಿಕಕ್ಕೆ ತಡವಾಗಿ ತಲುಪಿದ ಆಟ. ಎಷ್ಟು ತಡ ಅಂದರೆ, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ಸೇಂಟ್ ಆಂಡ್ರ್ಯೂಸ್ ಕ್ಲಬ್ ಕಟ್ಟಿದ್ದು 1888ರಲ್ಲಿ. ಹನ್ನೆರಡು ವರ್ಷ ನಾವೇ ಮುಂದೆ. ಕಾರಣ ಸರಳ: ಬ್ರಿಟಿಷ್ ಅಧಿಕಾರಿಗಳು, ಸೈನ್ಯ ಎಲ್ಲಿಗೆ ಹೋದರೋ ಆಟ ಅಲ್ಲಿಗೆ ಹೋಯಿತು.

ಆದರೆ ಅಮೆರಿಕದಲ್ಲಿ ಒಮ್ಮೆ ಹಿಡಿದ ಮೇಲೆ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 1894ರ ಡಿಸೆಂಬರ್‌ನಲ್ಲಿ ಐದು ಕ್ಲಬ್‌ಗಳು ಸೇರಿ ಯು.ಎಸ್.ಜಿ.ಎ. ಎಂಬ ರಾಷ್ಟ್ರೀಯ ಸಂಸ್ಥೆ ಮಾಡಿಕೊಂಡವು. ಶತಮಾನ ಮುಗಿಯೋ ಹೊತ್ತಿಗೆ ದೇಶದಲ್ಲಿ ಗಾಲ್ಫ್ ಮೈದಾನಗಳ ಸಂಖ್ಯೆ ಸಾವಿರದ ಆಸುಪಾಸಿಗೆ ಬಂದಿತ್ತು. ರೈಲ್ವೆ, ಉಕ್ಕು, ಬ್ಯಾಂಕು ಇವುಗಳಿಂದ ದುಡ್ಡು ಮಾಡಿದ ಮನೆತನಗಳಿಗೆ ಇದು ಹೊಸ ಶೋಕಿ. ಜಾಗ ಇದೆ, ದುಡ್ಡಿದೆ, ಉತ್ಸಾಹ ಇದೆ. ಇಲ್ಲದೇ ಇದ್ದದ್ದು ಒಂದೇ: ಆಟ ಹೇಳಿಕೊಡಲು, ಕೋಲು ಮಾಡಲು, ಮೈದಾನ ಹಾಕಲು ಗೊತ್ತಿರುವ ಜನ.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಒಂದು ಕಡೆ ತಂತ್ರ ಗೊತ್ತಿರುವ ಹುಡುಗರು ಊರು ತುಂಬಾ ಇದ್ದಾರೆ, ಸಂಬಳ ಕಡಿಮೆ. ಇನ್ನೊಂದು ಕಡೆ ಬೇಡಿಕೆ ಇದೆ, ಜನ ಇಲ್ಲ. ನಾರ್ತ್ ಬರ್ವಿಕ್, ಕಾರ್ನೂಸ್ಟಿ, ಸೇಂಟ್ ಆಂಡ್ರ್ಯೂಸ್‌ನಂಥ ಊರುಗಳಿಂದ ಹುಡುಗರು ಸಾಲಾಗಿ ಹಡಗು ಹತ್ತಿದರು. ಕಾರ್ನೂಸ್ಟಿಯ ಸ್ಮಿತ್ ಮನೆಯಿಂದಲೇ ವಿಲ್ಲಿ, ಅಲೆಕ್ಸ್, ಮ್ಯಾಕ್‌ಡೊನಾಲ್ಡ್ ಅಂತ ಮೂವರು ಅಣ್ಣತಮ್ಮಂದಿರು ಹೋಗಿ ಹೆಸರು ಮಾಡಿದರು. ಒಬ್ಬ ಹೋಗಿ ಕೆಲಸ ಹಿಡೀತಾನೆ, ಕಾಗದ ಬರೀತಾನೆ, ಹಿಂದೆ ಇನ್ನೊಬ್ಬ. ರೆಫರಲ್ ಅನ್ನೋದು ಇವತ್ತಿನ ವಿಷಯ ಏನಲ್ಲ.

ಆಂಡರ್ಸನ್ 1896ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದ. ಮೊದಲ ಕೆಲಸ ರೋಡ್ ಐಲೆಂಡ್ ರಾಜ್ಯದ ವಾಚ್ ಹಿಲ್‌ನ ಮಿಸ್ಕ್ವಾಮಿಕಟ್ ಕ್ಲಬ್‌ನಲ್ಲಿ. ಆಗಿನ ಕ್ಲಬ್ ಪ್ರೊ ಕೆಲಸ ಏನು ಅಂದರೆ, ಸದಸ್ಯರಿಗೆ ಆಟ ಹೇಳಿಕೊಡಬೇಕು, ಕೋಲು ಮಾಡಿ ಮಾರಬೇಕು, ರಿಪೇರಿ ಮಾಡಬೇಕು, ಕ್ಯಾಡಿ ಹುಡುಗರನ್ನು ಸಂಭಾಳಿಸಬೇಕು, ಎಷ್ಟೋ ಕಡೆ ಹುಲ್ಲನ್ನೂ ನೋಡಿಕೊಳ್ಳಬೇಕು. ಪಂದ್ಯ ಆಡೋದು ಇದೆಲ್ಲ ಮುಗಿದ ಮೇಲೆ, ರಜೆ ಕೇಳಿಕೊಂಡು. ಉತ್ತರದ ಕ್ಲಬ್‌ಗಳಲ್ಲಿ ಹಿಮ ಬಿದ್ದರೆ ಕೆಲಸ ಬಂದ್, ಚಳಿಗಾಲಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು.

ಒಂದು ಹೊಡೆತದ ಅಂತರ

ಬಂದ ಮರುವರ್ಷ, 1897ರಲ್ಲಿ, ಯು.ಎಸ್. ಓಪನ್ ನಡೆದದ್ದು ಷಿಕಾಗೋ ಗಾಲ್ಫ್ ಕ್ಲಬ್‌ನಲ್ಲಿ. ಆಗ ಪಂದ್ಯ 36 ಹೋಲ್‌ಗಳದ್ದು, ಒಂದೇ ದಿನದ್ದು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೇದು, ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಆಂಡರ್ಸನ್ 163 ಹೊಡೆತದಲ್ಲಿ ಮುಗಿಸಿ ಕಾಯ್ತಾ ಇದ್ದ. ಹಿಂದೆ ಬಂದ ಜೋ ಲಾಯ್ಡ್ ಎಂಬ ಇಂಗ್ಲಿಷ್ ಪ್ರೊ ಕೊನೆಯ ಉದ್ದನೆಯ ಹೋಲ್ ಅನ್ನು ಬರೀ 3 ಹೊಡೆತದಲ್ಲಿ ಮುಗಿಸಿ 162ಕ್ಕೆ ನಿಂತ. ಒಂದೇ ಹೊಡೆತದಲ್ಲಿ ಆಂಡರ್ಸನ್ ಎರಡನೇ ಸ್ಥಾನ. ಅವನಿಗೆ 18 ತುಂಬಲು ಇನ್ನೂ ಒಂದು ತಿಂಗಳಿತ್ತು.

ಗೆಲುವು ಬಂದದ್ದು ನಾಲ್ಕು ವರ್ಷದ ಮೇಲೆ, 1901ರಲ್ಲಿ, ಬಾಸ್ಟನ್ ಹತ್ತಿರದ ಮಯೋಪಿಯಾ ಹಂಟ್ ಕ್ಲಬ್‌ನಲ್ಲಿ. ಆ ಹೊತ್ತಿಗೆ ಪಂದ್ಯ 72 ಹೋಲ್‌ಗಳಿಗೆ ಏರಿತ್ತು. ಮೈದಾನ ಎಷ್ಟು ಕಷ್ಟದ್ದು ಅಂದರೆ, ಇಡೀ ಪಂದ್ಯಾವಳಿಯಲ್ಲಿ ಒಬ್ಬನೂ 80ಕ್ಕಿಂತ ಕಡಿಮೆಯ ಒಂದು ಸುತ್ತು ಆಡಲಿಲ್ಲ. ಆಂಡರ್ಸನ್ ಮತ್ತು ಅಲೆಕ್ಸ್ ಸ್ಮಿತ್ ಇಬ್ಬರೂ 331ಕ್ಕೆ ಸಮನಾದರು. ಯು.ಎಸ್. ಓಪನ್ ಚರಿತ್ರೆಯಲ್ಲಿ ಮೊದಲ ಸಲ ನಿರ್ಣಾಯಕ ಹೆಚ್ಚುವರಿ ಸುತ್ತು ಆಡಿಸಬೇಕಾಯಿತು. ಆದರೆ ಮರುದಿನ ಭಾನುವಾರ, ಮೈದಾನ ಸದಸ್ಯರ ಆಟಕ್ಕೆ ಮೀಸಲು. ಹಾಗಾಗಿ ರಾಷ್ಟ್ರೀಯ ಚಾಂಪಿಯನ್ ಯಾರು ಅನ್ನೋ ತೀರ್ಮಾನ ಸೋಮವಾರದವರೆಗೆ ಕಾಯಿತು. ಸೋಮವಾರ ಕೊನೆಯ ಐದು ಹೋಲ್ ಉಳಿದಿದ್ದಾಗ ಆಂಡರ್ಸನ್ ಐದು ಹೊಡೆತ ಹಿಂದೆ ಇದ್ದ. ಅಲ್ಲಿಂದ ಹಿಡಿದುಕೊಂಡು ಬಂದು 85ಕ್ಕೆ 86ರಿಂದ ಗೆದ್ದ.

ಅದೇ ಪಂದ್ಯಾವಳಿಯ ಇನ್ನೊಂದು ಘಟನೆ ಗಾಲ್ಫ್ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಮಧ್ಯಾಹ್ನದ ಊಟದ ಹೊತ್ತು. ಸದಸ್ಯರಿಗೆ ಕ್ಲಬ್‌ಹೌಸಿನ ಒಳಗೆ, ಪ್ರೊಗಳಿಗೆ ಅಡುಗೆಮನೆಯಲ್ಲಿ ಅಂತ ವ್ಯವಸ್ಥೆ. ಆಂಡರ್ಸನ್ ಮಾತು ಕಡಿಮೆಯ ಮನುಷ್ಯ. ಇದನ್ನು ಕೇಳಿ ಕೈಯಲ್ಲಿದ್ದ ಕೋಲನ್ನು ಜೋರಾಗಿ ಬೀಸಿ, ಚೆಂದವಾಗಿ ಕತ್ತರಿಸಿದ್ದ ಹುಲ್ಲುಹಾಸಿನಿಂದ ಒಂದು ಹೆಂಟೆ ಕಿತ್ತೆಸೆದನಂತೆ. ಅಡುಗೆಮನೆಯಲ್ಲಿ ಊಟ ಮಾಡಲ್ಲ ಅಂದುಬಿಟ್ಟ. ಕೊನೆಗೆ ಆದ ರಾಜಿ ಏನು ಗೊತ್ತಾ? ಪ್ರೊಗಳಿಗಾಗಿ ಹೊರಗೆ ಒಂದು ಡೇರೆ ಹಾಕಿದರು. ಅಡುಗೆಮನೆಯೂ ಬೇಡ, ಊಟದ ಕೋಣೆಯೂ ಇಲ್ಲ, ಮಧ್ಯದಲ್ಲೊಂದು ಡೇರೆ. ಕ್ಲೈಂಟ್ ಆಫೀಸಿನಲ್ಲಿ ಬೇರೆ ಬಣ್ಣದ ಬ್ಯಾಡ್ಜ್ ಹಾಕಿಕೊಂಡು ಓಡಾಡಿದವರಿಗೆ ಆ ಡೇರೆ ಎಂಥದ್ದು ಅಂತ ಸುಲಭವಾಗಿ ಗೊತ್ತಾಗುತ್ತೆ.

ಚೆಂಡು ಬದಲಾಯಿತು, ಅವನು ಬದಲಾಗಲಿಲ್ಲ

ಆಮೇಲೆ ಬಂದದ್ದು ಅವನ ದೊಡ್ಡ ವರ್ಷಗಳು. 1903ರಲ್ಲಿ ನ್ಯೂಜೆರ್ಸಿಯ ಬಾಲ್ಟಸ್ರಾಲ್‌ನಲ್ಲಿ ಮತ್ತೆ ಸಮಬಲ, ಮತ್ತೆ ಹೆಚ್ಚುವರಿ ಸುತ್ತು, ಡೇವಿಡ್ ಬ್ರೌನ್ ಎದುರು 82ಕ್ಕೆ 84ರಿಂದ ಗೆಲುವು. ಬ್ರೌನ್ ಸಾಮಾನ್ಯದವನಲ್ಲ, 1886ರ ಬ್ರಿಟಿಷ್ ಓಪನ್ ಗೆದ್ದಿದ್ದ ಸ್ಕಾಟ್. 1904ರಲ್ಲಿ ಷಿಕಾಗೋ ಹತ್ತಿರದ ಗ್ಲೆನ್ ವ್ಯೂನಲ್ಲಿ 303, ಕೊನೆಯ ಸುತ್ತು 72, ಐದು ಹೊಡೆತದ ಅಂತರ. 1905ರಲ್ಲಿ ಮತ್ತೆ ಅದೇ ಮಯೋಪಿಯಾ, 314, ಎರಡು ಹೊಡೆತ ಹಿಂದೆ ಮತ್ತೆ ಅದೇ ಅಲೆಕ್ಸ್ ಸ್ಮಿತ್. ಇದರ ಜೊತೆ ಆಗಿನ ಇನ್ನೊಂದು ದೊಡ್ಡ ಪಂದ್ಯಾವಳಿಯಾದ ವೆಸ್ಟರ್ನ್ ಓಪನ್ ಕೂಡ ನಾಲ್ಕು ಸಲ: 1902, 1904, 1908, 1909.

ಇಂಜಿನಿಯರ್ ಮಂದಿಗೆ ಇಲ್ಲಿ ಒಂದು ಸ್ವಾರಸ್ಯ ಇದೆ. ಅದೇ ಮಯೋಪಿಯಾದಲ್ಲಿ 1901ರಲ್ಲಿ 331, 1905ರಲ್ಲಿ 314. ಹದಿನೇಳು ಹೊಡೆತ ಕಡಿಮೆ. ಇದರಲ್ಲಿ ದೊಡ್ಡ ಪಾಲು ಚೆಂಡಿನದ್ದು. ಹತ್ತೊಂಬತ್ತನೇ ಶತಮಾನದ ಚೆಂಡು ಗಟಾಪರ್ಚಾದ್ದು. ಅದು ಮಲಯ ಸೀಮೆಯ ಮರದ ಅಂಟು. ಕಾಯಿಸಿ ಅಚ್ಚಿಗೆ ಹಾಕಿದರೆ ಗಟ್ಟಿ ಉಂಡೆ. ಸರಿಯಾಗಿ ತಾಗದಿದ್ದರೆ ದೂರ ಹೋಗಲ್ಲ, ಕೈ ಜುಮ್ ಅನ್ನುತ್ತೆ. ಓಹಾಯೋ ರಾಜ್ಯದ ಕೋಬರ್ನ್ ಹ್ಯಾಸ್ಕೆಲ್ ಎಂಬಾತ ರಬ್ಬರ್ ದಾರವನ್ನು ಬಿಗಿಯಾಗಿ ಎಳೆದು ಸುತ್ತಿ, ಮೇಲೆ ಗಟಾಪರ್ಚಾ ಹೊದಿಕೆ ಹಾಕುವ ಚೆಂಡಿಗೆ 1899ರಲ್ಲಿ ಪೇಟೆಂಟ್ ಪಡೆದ. ಎಳೆದ ರಬ್ಬರಿನಲ್ಲಿ ಶಕ್ತಿ ಶೇಖರ ಆಗಿರುತ್ತೆ, ಹೊಡೆದಾಗ ಪುಟಿದು ದೂರ ಹೋಗುತ್ತೆ. 1902ರ ಯು.ಎಸ್. ಓಪನ್‌ನಲ್ಲಿ ಲಾರಿ ಆಕ್ಟರ್ಲೋನಿ ಈ ಚೆಂಡಿನಿಂದ ನಾಲ್ಕೂ ಸುತ್ತುಗಳನ್ನು 80ರ ಒಳಗೆ ಮುಗಿಸಿದ. ಅಲ್ಲಿಗೆ ಹಳೇ ಚೆಂಡಿನ ಕಾಲ ಮುಗಿಯಿತು.

ಪ್ಲಾಟ್‌ಫಾರ್ಮ್ ಬದಲಾದಾಗ ಹಳೆಯ ನಿಪುಣರು ಹಿಂದೆ ಬೀಳೋದನ್ನು ನಾವು ದಿನಾ ನೋಡ್ತೀವಿ. ಆಂಡರ್ಸನ್ ಹಳೇ ಗಟ್ಟಿ ಚೆಂಡಿನಲ್ಲೂ ಗೆದ್ದ, ಹೊಸ ರಬ್ಬರ್ ಚೆಂಡಿನಲ್ಲೂ ಗೆದ್ದ. ಎಡಗೈ ಮೊಣಕೈ ಸ್ವಲ್ಪ ಬಗ್ಗಿಸಿ, ಚಪ್ಪಟೆಯಾಗಿ ಬೀಸುವ ಸ್ಕಾಟಿಷ್ ಶೈಲಿ ಅವನದ್ದು. ಇವತ್ತಿನ ಕೋಚ್‌ಗಳು ಒಪ್ಪುವಂಥದ್ದಲ್ಲ. ಆದರೆ ಒತ್ತಡದಲ್ಲಿ ಮುಖ ಬದಲಾಗದ ಆಟ.

ಲೆಕ್ಕ ಹಾಕೋಣ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಆ ವರ್ಷಗಳಲ್ಲಿ ಯು.ಎಸ್. ಓಪನ್ ಗೆದ್ದವನಿಗೆ 200 ಡಾಲರ್. ನಾಲ್ಕು ಗೆಲುವಿಗೆ 800. ಟೂರ್ ಇಲ್ಲ, ಪ್ರಾಯೋಜಕರ ಅಂಗಿ ಇಲ್ಲ. ಬದುಕು ನಡೀತಾ ಇದ್ದದ್ದು ಕ್ಲಬ್ ಕೊಡುವ ಸಂಬಳ, ಪಾಠದ ಶುಲ್ಕ, ಕೋಲು ಮಾರಾಟ ಮತ್ತು ಅಲ್ಲಲ್ಲಿ ಪ್ರದರ್ಶನ ಪಂದ್ಯಗಳಿಂದ.

ಹಾಗಾಗಿಯೇ ಅವನು ಒಂದು ಕಡೆ ನಿಲ್ಲಲಿಲ್ಲ. ಹದಿನಾಲ್ಕು ವರ್ಷದಲ್ಲಿ ಸುಮಾರು ಹತ್ತು ಕ್ಲಬ್. ವಾಚ್ ಹಿಲ್, ಬಾಲ್ಟಸ್ರಾಲ್, ಪಿಟ್ಸ್‌ಫೀಲ್ಡ್, ನ್ಯೂಯಾರ್ಕ್ ರಾಜ್ಯದ ಅಪವಾಮಿಸ್, ಷಿಕಾಗೋ ಹತ್ತಿರದ ಆನ್‌ವೆಂಟ್ಸಿಯಾ, ಕೊನೆಗೆ ಫಿಲಡೆಲ್ಫಿಯಾ ಕ್ರಿಕೆಟ್ ಕ್ಲಬ್. ರೆಸ್ಯೂಮೆಯಲ್ಲಿ ಹತ್ತು ಕಂಪನಿ ನೋಡಿದರೆ ಎಚ್‌.ಆರ್. ಹುಬ್ಬೇರಿಸ್ತಾರೆ. ಆದರೆ ಪ್ರೊಗೆ ಕರಾರು ಒಂದು ಸೀಸನ್‌ನದ್ದು, ಬಡ್ತಿ ಅನ್ನೋದೇ ಇಲ್ಲ, ಪಿಂಚಣಿ ಇಲ್ಲ. ಹೆಚ್ಚು ಸಂಬಳ ಬೇಕಾದರೆ ಇದ್ದ ದಾರಿ ಒಂದೇ, ಕ್ಲಬ್ ಬದಲಾಯಿಸೋದು. ಚಾಂಪಿಯನ್ ಅನ್ನೋ ಬಿರುದು ಅವನ ಬೆಲೆ ಏರಿಸಿತು, ಅವನ ಸ್ಥಾನ ಏರಿಸಲಿಲ್ಲ. ಬೇಡಿಕೆ ಇರೋದು ಬೇರೆ, ಜಾಗ ಸಿಗೋದು ಬೇರೆ.

ಇನ್ನೊಂದು ಮಗ್ಗುಲು

ಇಷ್ಟಕ್ಕೇ ನಿಲ್ಲಿಸಿದರೆ ಇದು ಪಾಪದ ವಲಸಿಗರ ಕಥೆ ಆಗಿಬಿಡುತ್ತೆ. ಪೂರ್ತಿ ನಿಜ ಅದಲ್ಲ. ಆಂಡರ್ಸನ್ ಅಮೆರಿಕಕ್ಕೆ ಬಂದಿಳಿದ ಅದೇ 1896ರ ಬೇಸಿಗೆಯಲ್ಲಿ ಯು.ಎಸ್. ಓಪನ್ ನಡೆದದ್ದು ಶಿನೆಕಾಕ್ ಹಿಲ್ಸ್‌ನಲ್ಲಿ. ಅವನು ಆ ಪಂದ್ಯ ಆಡಿರಲಿಲ್ಲ. ಅಲ್ಲಿ ಜಾನ್ ಶಿಪ್ಪೆನ್ ಎಂಬ ಕಪ್ಪು ಹುಡುಗ, ಆಸ್ಕರ್ ಬನ್ ಎಂಬ ಶಿನೆಕಾಕ್ ಮೂಲನಿವಾಸಿ ಹುಡುಗ ಹೆಸರು ಕೊಟ್ಟಿದ್ದರು. ಇಬ್ಬರೂ ಆ ಮೈದಾನದಲ್ಲೇ ಆಟ ಕಲಿತವರು. ಬ್ರಿಟನ್‌ನಿಂದ ಬಂದಿದ್ದ ಪ್ರೊಗಳಲ್ಲಿ ಹಲವರು, ಇವರು ಆಡಿದರೆ ನಾವು ಆಡಲ್ಲ ಅಂತ ಕೂತರು. ಯು.ಎಸ್.ಜಿ.ಎ. ಅಧ್ಯಕ್ಷ ಥಿಯೋಡೋರ್ ಹ್ಯಾವ್‌ಮೇಯರ್ ಬಗ್ಗಲಿಲ್ಲ. ಆ ಇಬ್ಬರೇ ಆಡಿದರೂ ಸರಿ, ಪಂದ್ಯ ನಡೆಯುತ್ತೆ ಅಂದರು. ಆಗ ಎಲ್ಲರೂ ಆಡಿದರು. ಶಿಪ್ಪೆನ್ ಎರಡನೇ ಸುತ್ತಿನ ಒಂದೇ ಹೋಲ್‌ನಲ್ಲಿ 11 ಹೊಡೆತ ಕಳೆದುಕೊಂಡರೂ ಮೊದಲ ಆರರೊಳಗೆ ಬಂದ.

ನೋಡಿ, ಮುಂಬಾಗಿಲು ತಮಗೇ ಇಲ್ಲದ ಜನ ಹಿತ್ತಿಲ ಬಾಗಿಲನ್ನು ಇನ್ನೊಬ್ಬರಿಗೆ ಮುಚ್ಚೋಕೆ ನಿಂತಿದ್ದರು. ಅವಮಾನ ಅನುಭವಿಸಿದವರೆಲ್ಲ ಅದರಿಂದ ಉದಾರಿಗಳಾಗ್ತಾರೆ ಅಂತ ಏನಿಲ್ಲ. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಹೊರಗಿನವರು ಅನ್ನಿಸಿಕೊಂಡು ಮನೆ ಹುಡುಕಿದವರು, ತಮ್ಮ ಫ್ಲಾಟ್ ಬಾಡಿಗೆಗೆ ಕೊಡುವಾಗ ಏನೇನು ಕೇಳ್ತಾರೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯವೇ.

ಕೊನೆ, ಮತ್ತು ಆಮೇಲೆ

1910ರ ಯು.ಎಸ್. ಓಪನ್ ನಡೆದದ್ದು ಆಂಡರ್ಸನ್ ಕೆಲಸ ಮಾಡ್ತಾ ಇದ್ದ ಫಿಲಡೆಲ್ಫಿಯಾ ಕ್ರಿಕೆಟ್ ಕ್ಲಬ್‌ನಲ್ಲೇ. ಅವನು 11ನೇ ಸ್ಥಾನಕ್ಕೆ ಬಂದ, ಗೆದ್ದದ್ದು ಹಳೆಯ ಎದುರಾಳಿ ಅಲೆಕ್ಸ್ ಸ್ಮಿತ್. ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್ ಕಡೆ 36 ಹೋಲ್‌ಗಳ ಪ್ರದರ್ಶನ ಪಂದ್ಯಗಳನ್ನು ಆಡಿ ಮನೆಗೆ ಬಂದ. ಕೆಲವೇ ದಿನಗಳಲ್ಲಿ, ಅಕ್ಟೋಬರ್ 25ರಂದು, ತೀರಿಕೊಂಡ. 31 ತುಂಬಿ ನಾಲ್ಕು ದಿನ ಆಗಿತ್ತು. ದಾಖಲೆಯಲ್ಲಿರುವ ಕಾರಣ ಅಪಸ್ಮಾರ, ನಾವು ಮೂರ್ಛೆರೋಗ ಅಂತೀವಲ್ಲ ಅದು. ಸಾಯುವ ವಾರದವರೆಗೂ ಅವನು ದುಡಿಯುತ್ತಲೇ ಇದ್ದ. ಫಿಲಡೆಲ್ಫಿಯಾದ ಐವಿ ಹಿಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಗೋರಿಯ ಮೇಲೆ ಎತ್ತರದ ಸ್ಮಾರಕ ನಿಲ್ಲಿಸಿದ್ದು ಯಾವ ಕ್ಲಬ್ಬೂ ಅಲ್ಲ, ಪೂರ್ವ ಸೀಮೆಯ ವೃತ್ತಿಪರ ಗಾಲ್ಫರ್‌ಗಳ ಸಂಘ. ಅಂದರೆ ಜೊತೆಯಲ್ಲಿ ಡೇರೆಯಲ್ಲಿ ಉಂಡವರು.

ಮರುವರ್ಷವೇ, 1911ರಲ್ಲಿ, ಜಾನ್ ಮ್ಯಾಕ್‌ಡರ್ಮಟ್ ಯು.ಎಸ್. ಓಪನ್ ಗೆದ್ದ, ಅಮೆರಿಕದಲ್ಲೇ ಹುಟ್ಟಿದ ಮೊದಲ ಚಾಂಪಿಯನ್. ಅಲ್ಲಿಯವರೆಗೆ ಹದಿನಾರು ವರ್ಷ ಗೆದ್ದವರೆಲ್ಲ ಬ್ರಿಟನ್‌ನಿಂದ ಬಂದವರು. ಪಾಠ ಹೇಳಿದವರನ್ನು ಪಾಠ ಕಲಿತ ದೇಶ ದಾಟಿಕೊಂಡು ಹೋಯಿತು. ವಲಸಿಗ ಗುರುಗಳ ಕೆಲಸ ಸಾರ್ಥಕ ಆಗೋದೂ ಹಾಗೇ, ಅವರ ಹೆಸರು ಮಸುಕಾಗೋದೂ ಹಾಗೇ.

ಬಾಗಿಲ ವಿಷಯ? ಅದು ಒಬ್ಬ ಚಾಂಪಿಯನ್ನಿನ ಪ್ರತಿಭೆಯಿಂದ ತೆರೆಯಲಿಲ್ಲ. 1916ರಲ್ಲಿ ಪ್ರೊಗಳು ಸೇರಿ ಪಿ.ಜಿ.ಎ. ಆಫ್ ಅಮೆರಿಕ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. 1920ರ ಯು.ಎಸ್. ಓಪನ್ ವೇಳೆಗೆ ಓಹಾಯೋದ ಟೊಲೀಡೋದಲ್ಲಿರುವ ಇನ್‌ವರ್ನೆಸ್ ಕ್ಲಬ್ ತನ್ನ ಕ್ಲಬ್‌ಹೌಸನ್ನು ಪ್ರೊಗಳಿಗೆ ತೆರೆಯಿತು. ವಾಲ್ಟರ್ ಹೇಗನ್ ಮುಂದಾಳುತನದಲ್ಲಿ ಆಟಗಾರರು ದುಡ್ಡು ಕೂಡಿಸಿ ಆ ಕ್ಲಬ್‌ಗೆ ಒಂದು ದೊಡ್ಡ ಗಡಿಯಾರ ಉಡುಗೊರೆ ಕೊಟ್ಟರು. ಮಯೋಪಿಯಾದ ಡೇರೆಯಿಂದ ಆ ಗಡಿಯಾರಕ್ಕೆ 19 ವರ್ಷ.

ಆದರೆ ಅದೇ ಪಿ.ಜಿ.ಎ. 1934ರಲ್ಲಿ ಬಿಳಿಯರು ಮಾತ್ರ ಸದಸ್ಯರಾಗಬಹುದು ಅಂತ ನಿಯಮ ಬರೆದುಕೊಂಡಿತು, 1961ರಲ್ಲಷ್ಟೇ ತೆಗೆದುಹಾಕಿತು. ಶಿಪ್ಪೆನ್‌ಗೆ ಸದಸ್ಯತ್ವ ಕೊಟ್ಟಿದ್ದು 2009ರಲ್ಲಿ, ಅವನು ತೀರಿಕೊಂಡು ನಾಲ್ಕು ದಶಕ ಆದ ಮೇಲೆ.

ನನಗೆ ಈ ಕಥೆಯಿಂದ ಉಳಿಯೋದು ಇಷ್ಟು. ಆಂಡರ್ಸನ್‌ನ ದಾಖಲೆ ಅವನೊಬ್ಬನದ್ದು, ಅದನ್ನು ಯಾರೂ ಕಿತ್ತುಕೊಳ್ಳಲು ಆಗಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಮರ್ಯಾದೆ ತಾನಾಗೇ ಬರುತ್ತೆ ಅಂತ ನಮಗೆ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಅವನಿಗಿಂತ ಚೆನ್ನಾಗಿ ಆ ಕೆಲಸ ಮಾಡಿದವರು ಆಗ ಅಮೆರಿಕದಲ್ಲಿ ಇರಲಿಲ್ಲ, ಆದರೂ ಸಿಕ್ಕಿದ್ದು ಡೇರೆ. ಮರ್ಯಾದೆಯನ್ನು ಕೇಳಬೇಕು, ಒಟ್ಟಿಗೆ ನಿಂತು ಕೇಳಬೇಕು, ಸಿಕ್ಕ ಮೇಲೆ ಹಿಂದೆ ಬರುವವರಿಗೂ ಬಾಗಿಲು ತೆರೆದಿಡಬೇಕು. ಮೊದಲನೆಯದನ್ನು ಅವನು ಒಬ್ಬನೇ ಮಾಡಿದ, ಎರಡನೆಯದನ್ನು ಅವನ ನಂತರದವರು ಮಾಡಿದರು, ಮೂರನೆಯದಕ್ಕೆ ಅವರು 1961ರವರೆಗೆ ತೆಗೆದುಕೊಂಡರು.

1975ರಲ್ಲಿ ಆಂಡರ್ಸನ್‌ನನ್ನು ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಮುಂದಿನ ಸಲ ಕ್ವಿಜ್‌ನಲ್ಲಿ ನಾಲ್ಕನೇ ಹೆಸರು ಕೇಳಿದರೆ ನೀವು ಹೇಳ್ತೀರಿ ಅಂದುಕೊಂಡಿದ್ದೀನಿ.